ಮಸ್ಕಿಯ ಮ್ಯಾಚಿಂಗ್ ಸೆಂಟರಿನ ಅಕ್ಕ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ಬೆಳಗಿನ ದಾರಿ ನನಗೆ ಈಗಲೂ ಮೊದಲು ವಾಸನೆಯಾಗಿಯೇ ನೆನಪಿಗೆ ಬರುತ್ತದೆ. ಊರು ದಾಟುವವರೆಗೂ ಅಕ್ಕಿ ಗಿರಣಿಗಳ ತೌಡಿನ ಬೆಚ್ಚನೆಯ ಘಮ, ಆಮೇಲೆ ಕಾಲುವೆಯ ಹಸಿಮಣ್ಣು, ಗದ್ದೆಗೆ ಹೊಡೆದ ಕೀಟನಾಶಕ ಎಣ್ಣೆಯ ಘಾಟು. ಮಸ್ಕಿ ಹಿಂದೆ ಬಿದ್ದು ಲಿಂಗಸುಗೂರಿನ ಕಡೆ ಹೊರಟರೆ ನೀರಿನ ಸುಳಿವೇ ಇಲ್ಲ. ತೊಗರಿ ಹೊಲ, ಕುರಿಹಿಂಡು, ಒಣ ಗಾಳಿ. ನಮ್ಮ ಜೀಪಿನ ಹಿಂದಿನ ಕಿಟಕಿ ಪೂರ್ತಿ ಏರುತ್ತಿರಲಿಲ್ಲ. ಹಾಗಾಗಿ ಮೂರೂ ತಾಲ್ಲೂಕಿನ ಧೂಳು ನಮ್ಮ ಪಕ್ಕದಲ್ಲೇ ಕೂತು ಪ್ರಯಾಣ ಮಾಡುತ್ತಿತ್ತು. ಈಗ ನಾನು ಪಾಠ ಮಾಡುವ ಊರಿನಲ್ಲಿ ತಣ್ಣನೆಯ ಕೋಣೆಯಿದೆ, ಗಾಜು ಸರಿಯಾಗಿ ಮುಚ್ಚುತ್ತದೆ. ಆದರೂ ಒಮ್ಮೊಮ್ಮೆ ತರಗತಿಯ ನಡುವೆ ಆ ತೌಡಿನ ವಾಸನೆ ಎಲ್ಲಿಂದಲೋ ಬಂದಂತಾಗಿ ಮಾತು ತಪ್ಪುತ್ತದೆ.

ನಾನು ಆಗ ಒಂದು ಅಧ್ಯಯನದ ಕ್ಷೇತ್ರ ವೈದ್ಯೆ. ಸಾಮಾನ್ಯ ಔಷಧಿಗೆ ಬಗ್ಗದ ಕ್ಷಯಕ್ಕೆ ಹೊಸ ಗುಳಿಗೆಗಳ ಕಟ್ಟು ಬಂದಿತ್ತು. ಹಿಂದೆ ವರ್ಷಗಟ್ಟಲೆ ನಡೆಯುತ್ತಿದ್ದ, ಚುಚ್ಚುಮದ್ದಿನಿಂದ ಕಿವಿ ಕೆಡಿಸುತ್ತಿದ್ದ ಚಿಕಿತ್ಸೆ ಈಗ ಆರೇಳು ತಿಂಗಳ ಗುಳಿಗೆಗೆ ಇಳಿದಿತ್ತು. ರೋಗ ಗುಣವಾಗುತ್ತದೆಂಬುದು ಬೇರೆಡೆ ತಿಳಿದಿದ್ದ ಸಂಗತಿ. ನಮ್ಮ ಪ್ರಶ್ನೆ ಬೇರೆ. ಸಕ್ಕರೆ ಕಾಯಿಲೆಯೋ ರಕ್ತಹೀನತೆಯೋ ಮೊದಲೇ ಇದ್ದವರು ಈ ಗುಳಿಗೆಗಳನ್ನು ನುಂಗಿದರೆ ಮೈಯಲ್ಲಿ ಏನೇನಾಗುತ್ತದೆ, ಅದನ್ನು ಎಷ್ಟು ಬೇಗ ಹಿಡಿಯಬಹುದು, ಹಿಡಿದ ಮೇಲೆ ಏನು ಮಾಡಬೇಕು? ಕಟ್ಟಿನಲ್ಲಿದ್ದ ನಾಲ್ಕು ಔಷಧಿಗಳಲ್ಲಿ ನಮಗೆ ಹೆಚ್ಚು ಭಯವಿದ್ದದ್ದು ಲಿನೆಝೋಲಿಡ್ ಎಂಬುದರದು. ಕ್ಷಯದ ಕ್ರಿಮಿಯನ್ನು ಅದು ಚೆನ್ನಾಗಿ ಕೊಲ್ಲುತ್ತದೆ. ಕೊಲ್ಲುತ್ತಲೇ ಕೆಲವರಲ್ಲಿ ರಕ್ತವನ್ನು, ಕಾಲಿನ ನರಗಳನ್ನು, ಕಣ್ಣಿನ ನರವನ್ನು ಕಚ್ಚುತ್ತದೆ. ಕಣ್ಣಿನ ನರ ಸೋಲಲು ಶುರುವಾದರೆ ಎಷ್ಟೋ ಸಲ ಮೊದಲು ಹೋಗುವುದು ಬಣ್ಣ. ಕೆಂಪು ಮಂಕಾಗುತ್ತದೆ, ಹಸಿರು ಕಂದು ಬಣ್ಣದ ಜತೆ ಬೆರೆಯುತ್ತದೆ. ಆಗಲೇ ಔಷಧಿ ನಿಲ್ಲಿಸಿದರೆ ಕಣ್ಣು ಬಹುಮಟ್ಟಿಗೆ ಮರಳುತ್ತದೆ. ತಡವಾದರೆ ಮರಳುವುದು ಖಾತ್ರಿಯಿಲ್ಲ.

ಹಾಗಾಗಿ ನನ್ನ ಚೀಲದಲ್ಲಿ ಯಾವಾಗಲೂ ಕಾಲಿನ ಮೂಳೆಗೆ ಒತ್ತಿ ಕಂಪನ ನೋಡುವ ಶ್ರುತಿಕವೆ ಇರುತ್ತಿತ್ತು, ಬೆರಳ ತುದಿಗೆ ತಾಗಿಸುವ ಸಣ್ಣ ನೈಲಾನ್ ಎಳೆಯಿರುತ್ತಿತ್ತು, ಕನ್ನಡ ಅಕ್ಷರಗಳ ಕಣ್ಣಿನ ಪಟ, ಮತ್ತೆ ಬಣ್ಣದ ಚುಕ್ಕಿಗಳ ಪುಸ್ತಕ. ಪುಟದ ತುಂಬ ಚುಕ್ಕಿಗಳು, ಅವುಗಳ ನಡುವೆ ಬೇರೆ ಬಣ್ಣದ ಚುಕ್ಕಿಗಳಲ್ಲಿ ಒಂದು ಅಂಕಿ ಅಡಗಿರುತ್ತದೆ. ಕೆಂಪು ಹಸಿರು ಬೇರೆಯಾಗಿ ಕಂಡವರು ಅಂಕಿ ಓದುತ್ತಾರೆ, ಕಾಣದವರಿಗೆ ಬರೀ ಚುಕ್ಕಿ.

ನನ್ನ ಜತೆ ತಿರುಗುತ್ತಿದ್ದವರು ನಮ್ಮ ಮೇಲ್ವಿಚಾರಕರು, ದಢೇಸುಗೂರಿನವರು. ಅಲ್ಲಿ ಅವರಿಗೆ ಕಾಲುವೆ ಪಕ್ಕ ಗದ್ದೆಯಿತ್ತು. ನೀರು ಬಿಡುವ ಕಾಲದಲ್ಲಿ ಅವರ ಮನಸ್ಸು ಅರ್ಧ ಅಲ್ಲಿಯೇ. ರೋಗಿಗಳ ಮನೆ ಹುಡುಕುವುದು, ಕಫದ ಡಬ್ಬಿಗಳನ್ನು ತಂಪುಪೆಟ್ಟಿಗೆಯಲ್ಲಿಟ್ಟು ರಾಯಚೂರಿಗೆ ಮುಟ್ಟಿಸುವುದು, ಗುಳಿಗೆ ಬಿಟ್ಟವರನ್ನು ಒಲಿಸುವುದು ಎಲ್ಲ ಅವರ ಪಾಲಿಗೆ.

ಅಕ್ಕ ನಮಗೆ ಸಿಕ್ಕಿದ್ದು ಮಸ್ಕಿಯಲ್ಲಿ. ಅವರ ಹೆಸರು ಇಲ್ಲಿ ಬೇಡ. ಬಜಾರಿನಲ್ಲಿಯೂ ಎಲ್ಲರಿಗೂ ಅವರು ಅಕ್ಕನೇ. ನಲವತ್ತು ದಾಟಿದ ಹೆಂಗಸು, ಹಣೆಗೆ ವಿಭೂತಿ, ತಲೆ ಮೇಲೆ ಇಳಕಲ್ಲ ಸೀರೆಯ ಸೆರಗು. ಗಂಡ ತೊಗರಿ ವ್ಯಾಪಾರಿ. ಅಕ್ಕ ಬಜಾರಿನಲ್ಲಿ ಒಂದು ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದರು. ಸೀರೆ ಕೊಂಡವರು ಅದನ್ನು ಅಲ್ಲಿಗೆ ತಂದು ಅದಕ್ಕೆ ಕೂಡುವ ಕುಪ್ಪಸದ ತುಂಡು, ಲಂಗ, ಫಾಲ್ಸ್, ದಾರ ಒಯ್ಯುತ್ತಿದ್ದರು. ಮುದಗಲ್ಲಿನಿಂದ, ಗುರುಗುಂಟಾದಿಂದ, ಕಾಲುವೆ ಕಡೆಯ ವಲಸೆ ರೈತರ ಕ್ಯಾಂಪುಗಳಿಂದಲೂ ಹೆಂಗಸರು ಬರುತ್ತಿದ್ದರು. ಅಕ್ಕನಿಗೆ ವರ್ಷಗಳಿಂದ ಸಕ್ಕರೆ ಕಾಯಿಲೆ. ಅದರ ಮೇಲೆ ಕ್ಷಯ. ಮೊದಲ ಸುತ್ತಿನ ಔಷಧಿ ಕೆಲಸ ಮಾಡಲಿಲ್ಲ. ಕ್ರಿಮಿ ಅದಕ್ಕೆ ಬಗ್ಗದ ಜಾತಿಯದೆಂದು ಪರೀಕ್ಷೆ ಹೇಳಿತು.

ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಅವರಿಗೆ ನಾನು ಒಪ್ಪಿಗೆ ಪತ್ರ ಓದಿದೆ. ವಾಂತಿ, ರಕ್ತ ಕಡಿಮೆಯಾಗುವುದು, ಕಾಲು ಜುಮುಗುಡುವುದು, ಕಣ್ಣು ಮಂಜಾಗುವುದು. ಒಂದೂ ಬಿಡದೆ ಓದಿದೆ. ಅವರು ತಲೆಯಾಡಿಸುತ್ತ ಕೇಳಿ ಕೊನೆಗೆ ಒಂದೇ ಮಾತು ಕೇಳಿದರು.

"ಇವನ್ನ ತಗೊಂಡ್ರ ಬದುಕ್ತೀನೇನ್ರೀ?"

"ಬಾಳ ಮಂದಿ ಆರಾಮ ಆಗ್ಯಾರ ಅಕ್ಕಾರ."

"ಮತ್ತ ಅಷ್ಟು ಹೇಳಿದ್ರ ಸಾಕಿತ್ತಲ್ಲ. ಈ ಪುರಾಣ ಯಾಕ ಓದಿದ್ರಿ?"

ಮೇಲ್ವಿಚಾರಕರು ನಕ್ಕುಬಿಟ್ಟರು. ನನಗೂ ನಗು ಬಂತು. ಲಿಂಗಸುಗೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಓದಿನ ವರ್ಷಗಳಲ್ಲಿ ದೂರವಾಗಿದ್ದ ಆ ಮಾತಿನ ಧಾಟಿ ಅಕ್ಕನ ಬಾಯಲ್ಲಿ ಕೇಳಿದಾಗ ಮನೆಗೆ ಬಂದಂತಾಯಿತು.

ಮೊದಲ ತಿಂಗಳುಗಳು ಚೆನ್ನಾಗಿಯೇ ಹೋದವು. ಜ್ವರ ಬಿಟ್ಟಿತು, ಕೆಮ್ಮು ಇಳಿಯಿತು, ಎರಡನೆಯ ತಿಂಗಳ ಕಫದಲ್ಲಿ ಕ್ರಿಮಿ ಕಾಣಲಿಲ್ಲ. ರೊಟ್ಟಿ ಕಂಡರೆ ಮುಖ ತಿರುಗಿಸುತ್ತಿದ್ದವರು ಪುಂಡಿಪಲ್ಯ ಮಾಡಿಸಿಕೊಂಡು ಉಂಡೆನೆಂದು ಹೇಳುವಾಗ ಅವರ ದನಿಯಲ್ಲಿ ಹಬ್ಬವಿತ್ತು. ಪ್ರತಿ ಭೇಟಿಯಲ್ಲೂ ನಾನು ಎಲ್ಲ ಪ್ರಶ್ನೆ ಕೇಳುತ್ತಿದ್ದೆ. ಪ್ರತಿ ಸಲವೂ ಒಂದೇ ಉತ್ತರ: "ಏನೂ ತ್ರಾಸಿಲ್ರೀ." ಚುಕ್ಕಿಗಳ ಪುಸ್ತಕ ತೆರೆದರೆ ಅಂಕಿಗಳನ್ನು ಪಟಪಟನೆ ಹೇಳಿ ಮುಗಿಸುತ್ತಿದ್ದರು. ಬಣ್ಣದಲ್ಲೇ ಬದುಕುವ ಹೆಂಗಸು, ಹೇಳದೆ ಇರುತ್ತಾರೆಯೇ ಅಂದುಕೊಳ್ಳುತ್ತಿದ್ದೆ.

ಮೂರನೆಯ ತಿಂಗಳು ಕಳೆದ ಮೇಲೆ ಒಂದು ದಿನ ಅಕ್ಕ ಕೋಣೆಗೆ ಬಂದಾಗ ಅವರ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿಯಿತ್ತು.

"ಅಕ್ಕಾರ, ಇನ್ನೊಂದು ಚಪ್ಪಲಿ ಎಲ್ಲೈತ್ರಿ?"

ಅವರು ಬಗ್ಗಿ ನೋಡಿಕೊಂಡರು. ನೋಡಿದ ಮೇಲೆಯೇ ಅವರಿಗೆ ಗೊತ್ತಾಗಿದ್ದು. ಆಟೋ ನಿಂತ ಜಾಗದಲ್ಲಿ ಚಪ್ಪಲಿ ಕಳಚಿಕೊಂಡಿತ್ತು. ಅಲ್ಲಿಂದ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದರು.

ಶ್ರುತಿಕವೆಯನ್ನು ಬಡಿದು ಹೆಬ್ಬೆರಳ ಗಂಟಿಗೆ ಇಟ್ಟೆ. "ಗುಂಯ್ ಅನ್ನೋದು ತಿಳಿತೈತೇನ್ರೀ?" ಅಂದರೆ ಅಕ್ಕ ನನ್ನ ಮುಖ ನೋಡಿ "ಹ್ಞೂಂ" ಅಂದರು. ನಾನು ಕವೆಯನ್ನು ಹಿಡಿದು ನಿಲ್ಲಿಸಿದೆ. ಕಂಪನ ಸತ್ತಿತ್ತು. "ಈಗ?" "ಹ್ಞೂಂ." ಅಲ್ಲಿಗೆ ಆ ಕಾಲಿನ ಉತ್ತರ ನಂಬುವಂತಿರಲಿಲ್ಲ. ನೈಲಾನ್ ಎಳೆ ಬೆರಳುಗಳ ಮೇಲೆ ಬಾಗಿ ನಿಂತರೂ ಅವರಿಗೆ ತಿಳಿಯಲಿಲ್ಲ. ಪಾದದ ಮೇಲಕ್ಕೆ ಹೋದಂತೆ ತಿಳಿಯಿತು.

ಇಲ್ಲಿಂದ ನಮ್ಮ ತೊಡಕು ಶುರುವಾಯಿತು. ಸಕ್ಕರೆ ಕಾಯಿಲೆ ಕೂಡ ಕಾಲಿನ ನರಗಳನ್ನು ಹೀಗೆಯೇ ಮರಗಟ್ಟಿಸುತ್ತದೆ. ಮೊದಲ ದಿನದ ತಪಾಸಣೆಯಲ್ಲಿ ಕಂಪನ ಸ್ವಲ್ಪ ಕಡಿಮೆಯಿದ್ದದ್ದು ನಿಜ. ಈಗ ಹೆಚ್ಚಾದದ್ದು ಸಕ್ಕರೆಯದೋ ಗುಳಿಗೆಯದೋ? ಅಧ್ಯಯನದ ಮುಖ್ಯಸ್ಥರು ಬೇರೆ ಊರಿನಲ್ಲಿ ಕೂತಿದ್ದರು. ಸೌಮ್ಯ ಮನುಷ್ಯ, ಒಂದು ಮಾತು ಹೇಳುವ ಮೊದಲು ಹತ್ತು ಸಲ ಯೋಚಿಸುವವರು. ಫೋನಿನಲ್ಲಿ ಎಲ್ಲ ಕೇಳಿ ಅವರು ಹೇಳಿದರು:

"ಕಣ್ಣು ಸರಿಯಿದೆ, ರಕ್ತ ಸರಿಯಿದೆ. ಕಾಲು ಮಾತ್ರ. ಸಕ್ಕರೆಯನ್ನು ಮೊದಲು ಬಿಗಿ ಮಾಡಿ. ಇವರ ಮೇಲೆ ಒಂದು ಸುತ್ತಿನ ಔಷಧಿ ಆಗಲೇ ಸೋತಿದೆ. ಈ ಗುಳಿಗೆಯನ್ನು ಕೈಬಿಟ್ಟು ರೋಗ ಮರಳಿದರೆ ನಮ್ಮ ಹತ್ತಿರ ಇನ್ನೇನು ಉಳಿದಿರುತ್ತದೆ ಹೇಳಿ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನರಕ್ಕೆ ಬೇಕಾದ ವಿಟಮಿನ್ ಹೆಚ್ಚಿಸಿ, ಇನ್ಸುಲಿನ್ ಪ್ರಮಾಣ ಏರಿಸಿ, ವಾರವಾರ ನೋಡುವುದೆಂದು ಗೊತ್ತು ಮಾಡಿದೆವು. ಇನ್ಸುಲಿನ್ ಏರಿಸಿದ್ದೂ ಕೈಕೊಟ್ಟಿತು. ಒಂದು ಮಧ್ಯಾಹ್ನ ಅಕ್ಕ ಅಂಗಡಿಯಲ್ಲೇ ಬೆವರಿ, ಕೈನಡುಗಿ, ಬಟ್ಟೆಗಳ ನಡುವೆ ಕುಸಿದು ಕೂತರಂತೆ. ಪಕ್ಕದ ಬಳೆ ಅಂಗಡಿಯವರು ಸಕ್ಕರೆ ನೀರು ಕುಡಿಸಿ ನಮಗೆ ಫೋನು ಮಾಡಿದರು. ಇನ್ಸುಲಿನ್ ಹಾಕಿಕೊಳ್ಳುವವರಲ್ಲಿ ಲಿನೆಝೋಲಿಡ್ ತಾನೂ ಸಕ್ಕರೆ ಇಳಿಸುವುದುಂಟು. ಮತ್ತೆ ಪ್ರಮಾಣ ಇಳಿಸಿ, ಊಟದ ಹೊತ್ತು ಸರಿಪಡಿಸಿ, ದಿನಾ ಬೆರಳು ಚುಚ್ಚಿ ನೋಡಿಕೊಳ್ಳಲು ಅವರ ಗಂಡನಿಗೆ ಕಲಿಸಿ ಬಂದೆವು. ಆ ದೊಡ್ಡ ಮೈಯ ಮನುಷ್ಯ ಹೆಂಡತಿಯ ಬೆರಳಿಗೆ ಸೂಜಿ ತಾಗಿಸುವಾಗ ತಾವೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಅದರಿಂದ ಒಂದು ಒಳ್ಳೆಯದಾಯಿತು. ವಾರದ ತಪಾಸಣೆಗೆ ಅಕ್ಕನನ್ನು ದವಾಖಾನೆಗೆ ಕರೆಸುವ ಬದಲು ನಾನೇ ಅಂಗಡಿಗೆ ಹೋಗತೊಡಗಿದೆ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಹಿತವಾದ ಮಧ್ಯಾಹ್ನಗಳು ಮತ್ತೆ ಬರಲಿಲ್ಲ. ಹೊರಗೆ ಮಸ್ಕಿಯ ಗುಡ್ಡ ಬಿಸಿಲಿಗೆ ಬೆಳ್ಳಗೆ ಕಾಯುತ್ತಿದ್ದರೆ ಒಳಗೆ ಫ್ಯಾನಿನ ಗಾಳಿಗೆ ಸಾಲುಸಾಲು ತುಂಡುಗಳ ತುದಿ ಅಲುಗಾಡುತ್ತಿರುತ್ತಿತ್ತು. ಅಕ್ಕ ನನಗೆ ಬಣ್ಣಗಳ ಹೆಸರು ಕಲಿಸುತ್ತಿದ್ದರು. ನಾನು ಗುಲಾಬಿ ಅಂದದ್ದೆಲ್ಲ ಅವರಿಗೆ ಈರುಳ್ಳಿ ಸಿಪ್ಪೆ, ದಾಳಿಂಬೆ, ಗಾಜರಿ ಎಂದು ಬೇರೆ ಬೇರೆ. ಹಸಿರಿನಲ್ಲಿ ಗಿಣಿ ಬೇರೆ, ಮೆಹಂದಿ ಬೇರೆ, ಮೆಂತ್ಯ ಬೇರೆ. ಮಿರ್ಚಿ, ಚುರುಮರಿ ತರಿಸುತ್ತಿದ್ದರು. ತಾವು ಮಾತ್ರ ಸಕ್ಕರೆಯಿಲ್ಲದ ಚಹಾ ಕುಡಿದು ಮುಖ ಕಿವುಚುತ್ತಿದ್ದರು.

ಒಂದು ದಿನ ನಾನು ಅಲ್ಲಿರುವಾಗಲೇ ಮುದಗಲ್ಲಿನ ಒಬ್ಬ ಹೆಂಗಸು ಚೀಲ ಹಿಡಿದು ಬಂದಳು. ವಾರದ ಹಿಂದೆ ಒಯ್ದಿದ್ದ ಕುಪ್ಪಸದ ತುಂಡನ್ನು ಸೀರೆಯ ಮೇಲೆ ಹಾಸಿ ತೋರಿಸಿದಳು. ಸೀರೆ ದಾಳಿಂಬೆ ಕೆಂಪು. ತುಂಡು ಕೆಂಪೇ ಅಲ್ಲ, ಕಂದು ತಿರುಗಿದ ಮೆಹಂದಿ.

"ಏನಕ್ಕಾ, ನಿನ್ನ ಕೈಯಾಗ ಹಿಂಗ ಎಂದೂ ಆಗಿದ್ದಿಲ್ಲಲ್ಲ. ಮದುವಿ ಮನ್ಯಾಗ ಎಲ್ಲಾರೂ ನಕ್ರು."

"ಅವತ್ತು ಕರೆಂಟ್ ಇದ್ದಿದ್ದಿಲ್ಲ ನೋಡವ್ವ. ಕತ್ಲ್ಯಾಗ ತಪ್ಪಾತು, ತಡಿ," ಅಂದ ಅಕ್ಕ ಸಾಲಿನಿಂದ ಇನ್ನೊಂದು ತುಂಡು ಎಳೆದು ಸೀರೆಯ ಮೇಲಿಟ್ಟರು. ಅದೂ ಮೆಹಂದಿಯೇ. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು, ತಲೆಯ ಮೇಲೆ ಲೈಟು ಉರಿಯುತ್ತಿತ್ತು. ಆ ಹೆಂಗಸು ಅಕ್ಕನ ಮುಖ ನೋಡಿದಳು. ಅಕ್ಕ ತಡಬಡಿಸಿ, ನಗುತ್ತ, "ನಿನಗ್ಯಾವುದು ಚಲೋ ಅನಸ್ತೈತಿ ನೀನ ಆರಿಸ್ಕೋ ಬೇ. ಈಗಿನ ಫ್ಯಾಷನ್ ನಮಗೇನು ಗೊತ್ತು?" ಅಂದರು.

ಆಗ ನನಗೆ ಹೊಳೆಯಿತು. ಕೆಲವು ವಾರಗಳಿಂದ ಅಕ್ಕ ಬಂದವರಿಗೆಲ್ಲ ಹೀಗೆಯೇ ಹೇಳುತ್ತಿದ್ದರು. ನೀನೇ ಆರಿಸಿಕೋ. ವ್ಯಾಪಾರದ ಮಾತೆಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ಹೆಂಗಸು ತುಂಡು ಆರಿಸಿಕೊಂಡು ಹೋಗುವವರೆಗೂ ಕಾದೆ. ಜೀಪಿನಿಂದ ಚುಕ್ಕಿಗಳ ಪುಸ್ತಕ ತಂದೆ. ಪುಸ್ತಕವನ್ನು ನಾವು ಯಾವಾಗಲೂ ಮೊದಲ ಪುಟದಿಂದ, ಒಂದೇ ಸರದಿಯಲ್ಲಿ ತೋರಿಸುತ್ತಿದ್ದೆವು. ನಮಗೆ ಕಲಿಸಿದ್ದೇ ಹಾಗೆ. ಅಂದು ನಾನು ನಡುವಿನಿಂದ ಒಂದು ಪುಟ ತೆರೆದು ಹಿಡಿದೆ.

"ಹನ್ನೆರಡು," ಅಂದರು ಅಕ್ಕ.

ಹನ್ನೆರಡು ಮೊದಲ ಪುಟದ ಅಂಕಿ. ನಾನು ತೆರೆದದ್ದು ಅದಲ್ಲ.

ಸುಮ್ಮನೆ ಇನ್ನೊಂದು ಪುಟ ತಿರುವಿದೆ. "ಎಂಟು," ಅಂದರು. ಅದು ಎರಡನೆಯ ಪುಟದ್ದು. ಉತ್ತರ ತಪ್ಪಿದ್ದು ನನ್ನ ಮುಖ ನೋಡಿ ಅವರಿಗೆ ತಿಳಿಯಿತೆಂದು ಕಾಣುತ್ತದೆ. ಮೂರನೆಯ ಪುಟಕ್ಕೆ ಬಾಯಿ ತೆರೆದವರು ಹಾಗೇ ನಿಂತರು. ತಿಂಗಳು ತಿಂಗಳೂ ನೋಡಿ ಅಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದರು.

"ಯಾವಾಗಿಂದ ಅಕ್ಕಾರ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ಆಮೇಲೆ ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದರು.

"ಕಾಲಿಂದು ಮೊದಲು. ಕಣ್ಣಿಂದು ಈಗ ಸ್ವಲ್ಪ ದಿನ ಆತು. ಕುಂಕುಮ ಕಂದು ಕಾಣ್ತೈತ್ರಿ. ನಡುವ ಒಂದು ಮಬ್ಬು ಕುಂತಂಗ ಆಗೈತಿ."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಗುಳಿಗಿ ಬಂದ್ ಮಾಡ್ತಿದ್ರಿ."

ಅವರ ಅಕ್ಕನ ಕಥೆ ಆಗ ಹೊರಬಂತು. ಲಿಂಗಸುಗೂರಿಗೆ ಕೊಟ್ಟಿದ್ದ ಹಿರಿಯ ಅಕ್ಕ. ಅವಳಿಗೂ ಇದೇ ರೋಗ. ಹಳೆಯ ಚಿಕಿತ್ಸೆಯ ಕಾಲ. ಗುಳಿಗೆ ನುಂಗಿದರೆ ವಾಂತಿ, ಚುಚ್ಚಿಸಿಕೊಂಡರೆ ಕಿವಿಯಲ್ಲಿ ಗುಂಯ್ ಸದ್ದು. ಅವಳು ಎಲ್ಲವನ್ನೂ ನಡುವೆ ಕೈಬಿಟ್ಟಳು.

"ಬಿಟ್ಟ ಮ್ಯಾಲ ಆರು ತಿಂಗಳು ಬರೋಬ್ಬರಿ ಇದ್ಲು. ಮುಖದ ಮ್ಯಾಲ ಕಳೆ ಬಂದಿತ್ತು. ಆಮ್ಯಾಲ ಒಮ್ಮಿಗೇ ಹಿಡ್ಕೊಂತು. ನನ್ನ ತೊಡಿ ಮ್ಯಾಲ ಹೋದ್ಲು ಮೇಡಂ. ಗುಳಿಗಿ ಬಿಟ್ಟವರು ಉಳಿಯಂಗಿಲ್ಲ ಅನ್ನೋದು ನಾನು ಕಣ್ಣಾರೆ ನೋಡೀನಿ. ಕಣ್ಣು ಹೋದ್ರ ಹೋಗ್ಲಿ. ನನಗ ಜೀವ ಬೇಕು."

 ಅವರ ಲೆಕ್ಕ ತಲೆಕೆಟ್ಟದ್ದಾಗಿರಲಿಲ್ಲ. ಅದೇ ಮಾತನ್ನು ನಮ್ಮ ಮುಖ್ಯಸ್ಥರು ಬೇರೆ ಶಬ್ದಗಳಲ್ಲಿ ಹೇಳಿದ್ದರು.

ಅಂಗಡಿಯ ಹೊರಗೆ ಬೇವಿನ ನೆರಳಿನಲ್ಲಿ ನಿಂತು ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಅಧ್ಯಯನದ ಸುರಕ್ಷತಾ ಸಮಿತಿಯ ಮುಂದೆ ಇಡೋಣ. ಮುಂದಿನ ವಾರ ಎಲ್ಲರೂ ಸಿಗುತ್ತಾರೆ. ಅಷ್ಟರೊಳಗೆ ಕಣ್ಣಿನ ತಜ್ಞರ ಅಭಿಪ್ರಾಯವೂ ಬರಲಿ," ಅಂದರು.

"ಒಂದು ವಾರ ಆ ಗುಳಿಗೆ ನುಂಗಿಸಲೇ ಸರ್?"

"ಸಕ್ಕರೆಯಿಂದಲೂ ಕಣ್ಣು ಕೆಡಬಹುದಲ್ಲ. ಅದಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಗೊತ್ತಿರಲಿಲ್ಲ. ಆದರೆ ಸಕ್ಕರೆ ಕಣ್ಣಿನ ಹಿಂದಿನ ಪರದೆಯನ್ನು ಕೆಡಿಸುವ ಬಗೆ ಬೇರೆ. ಬಣ್ಣ ಹೋಗಿ, ಎರಡೂ ಕಣ್ಣಿನ ನಡುಮಧ್ಯಕ್ಕೆ ಒಂದೇ ಸಲ ಮಬ್ಬು ಕೂರುವುದು ನರದ ಚಹರೆ. ರೋಗಿಗೆ ಅಪಾಯವೆಂದು ಕಂಡರೆ ಔಷಧಿಯನ್ನು ತಕ್ಷಣ ತಡೆಹಿಡಿಯುವ ಅಧಿಕಾರ ಕ್ಷೇತ್ರ ವೈದ್ಯರಿಗೆ ನಮ್ಮ ನಿಯಮಗಳಲ್ಲೇ ಇತ್ತು. ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ನಮ್ಮಲ್ಲಿ ಯಾರೂ ಅದನ್ನು ಬಳಸಿರಲಿಲ್ಲ, ಅಷ್ಟೆ. ಅಕ್ಕ ಸತ್ತರೆ ಅದು ನನ್ನ ಕೈಯಿಂದ ಆದದ್ದು ಎನ್ನುವುದು ನನಗೆ ಸ್ಪಷ್ಟವಾಗಿತ್ತು. ಕುರುಡಾದರೂ ಹಾಗೆಯೇ. ಮೇಲ್ವಿಚಾರಕರು ಜೀಪಿಗೆ ಒರಗಿ ನನ್ನನ್ನೇ ನೋಡುತ್ತಿದ್ದರು.

"ಏನ್ ಮಾಡ್ತೀರಿ ಮೇಡಂ?"

"ನಿಲ್ಲಸ್ತೀನಿ."

"ಹಂಗಾದ್ರ ನಡ್ರಿ, ಅಕ್ಕಾರಿಗೆ ತಿಳಿಸಿ ಹೇಳೂಣು. ಅದು ಸಮಿತಿಗೆ ಹೇಳೂದಕ್ಕಿಂತ ಕಠಿಣ ಐತಿ."

ಕಠಿಣವೇ ಆಯಿತು. ಅಕ್ಕನ ಮನೆಯಲ್ಲಿ ಗುಳಿಗೆಗಳ ಪೆಟ್ಟಿಗೆಯಿಂದ ಲಿನೆಝೋಲಿಡ್ಡಿನ ಪಟ್ಟಿಗಳನ್ನು ಬೇರೆ ತೆಗೆಯುತ್ತಿದ್ದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಅದೊಂದು ಒಯ್ಯಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ಅರ್ಧ ಅರ್ಧ ನುಂಗ್ತೀನಿ."

"ಉಳಿದ ಮೂರು ಗುಳಿಗಿ ನಿಲ್ಲಂಗಿಲ್ಲ ಅಕ್ಕಾರ. ನಿಮ್ಮ ಅಕ್ಕಾರು ಎಲ್ಲಾ ಬಿಟ್ರು. ನೀವು ಒಂದ ಬಿಡಾಕತ್ತೀರಿ. ಅದು ತನ್ನ ಪಾಲಿನ ಕೆಲಸ ಬಹುಪಾಲು ಮಾಡೈತಿ. ನಾನು ಪ್ರತಿ ತಿಂಗಳು ಕಫ ನೋಡ್ತೀನಿ. ಒಂದು ಕ್ರಿಮಿ ಕಂಡ್ರೂ ಸುಮ್ನ ಕುಂದ್ರಂಗಿಲ್ಲ."

"ನೀವು ಖಾತ್ರಿ ಹೇಳ್ತೀರೇನು?"

"ಇಲ್ಲ. ಖಾತ್ರಿ ಹೇಳಾಕ ಬರಂಗಿಲ್ಲ."

ಅವರು ನನ್ನ ಕೈ ಬಿಟ್ಟರು. ಅಷ್ಟು ಹೊತ್ತೂ ಬಾಗಿಲ ಹೊರಗೆ ನಿಂತಿದ್ದ ಅವರ ಗಂಡ ಒಳಗೆ ಬಂದು, ಆ ಪಟ್ಟಿಗಳನ್ನು ತಾವೇ ಎತ್ತಿ ನನ್ನ ಚೀಲಕ್ಕೆ ಹಾಕಿದರು. 

ಸಂಜೆ ಮುಖ್ಯಸ್ಥರಿಗೆ ತಿಳಿಸಿದಾಗ ಅವರು ಗದರಲಿಲ್ಲ. "ನೀವು ಮಾಡಿದ್ದು ಸರಿ ಅನ್ನುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಆದರೆ ಅಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ," ಅಂದರು. ಎರಡು ದಿನಕ್ಕೆ ರಾಯಚೂರಿನ ಕಣ್ಣಿನ ವೈದ್ಯರು ಅಕ್ಕನನ್ನು ಪರೀಕ್ಷಿಸಿ, ಪರದೆಯ ಮೇಲೆ ಸಕ್ಕರೆಯ ಗುರುತು ಅಷ್ಟಾಗಿ ಇಲ್ಲವೆಂದೂ ನರ ಸೋತಿದೆಯೆಂದೂ ಹೇಳಿದರು. ಔಷಧಿ ನಿಲ್ಲಿಸಿದ್ದೀರಾ ಎಂದು ಕೇಳಿದರು. ನಿಲ್ಲಿಸಿದ್ದೇವೆಂದೆ. "ಹಾಗಾದರೆ ಇನ್ನು ಕಾಯುವುದೇ ಚಿಕಿತ್ಸೆ," ಅಂದರು. ಸಮಿತಿಯೂ ಕೊನೆಗೆ ಅದನ್ನೇ ಒಪ್ಪಿತು. ಉಳಿದ ಮೂರು ಔಷಧಿಗಳನ್ನು ಪೂರ್ತಿ ಅವಧಿಗೆ ಮುಂದುವರಿಸಲು ಹೇಳಿತು.

ಕಾಯುವುದು ನನಗೆ ಬರದ ವಿದ್ಯೆ. ಚಳಿಗಾಲ ಶುರುವಾಗಿ ಅಕ್ಕನಿಗೆ ಕೆಮ್ಮು ಹತ್ತಿಕೊಂಡಿತು. ಸುಮ್ಮನೆ ನೆಗಡಿಯ ಕೆಮ್ಮೇ ಇರಬಹುದು, ಮರಳಿದ ಕ್ಷಯವೂ ಇರಬಹುದು. ಕಫವನ್ನು ಬೆಳೆಸಿ ನೋಡಲು ಲ್ಯಾಬಿಗೆ ವಾರಗಳು ಬೇಕು. ಆ ವಾರಗಳಲ್ಲಿ ಅಂಗಡಿಗೆ ಹೋದರೆ ಚಹಾ ಬರುತ್ತಿತ್ತು, ಬಣ್ಣಗಳ ಪಾಠವಿರಲಿಲ್ಲ. ಸೀರೆ ಹಿಡಿದು ಬಂದವರನ್ನು ಅವರು ಬೇರೆ ಅಂಗಡಿಗೆ ಕಳಿಸುವುದನ್ನು ನಾನೇ ಒಂದೆರಡು ಸಲ ನೋಡಿದೆ. ದಾರದ ಉಂಡೆಗಳನ್ನು ಸಾಲಾಗಿ ಜೋಡಿಸಿ, ಮತ್ತೆ ಕೆಡವಿ ಜೋಡಿಸುತ್ತ ಕೂತಿರುತ್ತಿದ್ದರು. ನೀರು ಬಿಟ್ಟು ನಾಟಿಯ ಗಡಿಬಿಡಿಯಿದ್ದರೂ ಮೇಲ್ವಿಚಾರಕರು ಗದ್ದೆ ಬಿಟ್ಟು ತಂಪುಪೆಟ್ಟಿಗೆ ಹೊತ್ತು ತಾವೇ ಲ್ಯಾಬಿಗೆ ಹೋಗಿಬರುತ್ತಿದ್ದರು. "ಬ್ಯಾರೇದವರ ಕೈಯಾಗ ಕೊಟ್ರ ನನಗ ನಿದ್ದಿ ಬರಂಗಿಲ್ರೀ," ಅನ್ನುತ್ತಿದ್ದರು.

ಕೊನೆಗೆ ಕಫ ಸ್ವಚ್ಛವೆಂದು ಬಂತು. ಅದಾದ ಮುಂದಿನ ತಿಂಗಳೂ ಸ್ವಚ್ಛ. ಕೆಮ್ಮು ನೆಗಡಿಯದೇ ಆಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಲಿಂಗಸುಗೂರಿನ ದಾರಿಯಲ್ಲಿದ್ದಾಗ ನನ್ನ ಫೋನು ಬಡಿಯಿತು. ಅಕ್ಕ. ಹಲೋ ಅನ್ನಲೂ ಬಿಡದೆ, "ಮೇಡಂ, ಈರುಳ್ಳಿ ಸಿಪ್ಪಿ ಬಂತ್ರೀ!" ಅಂದರು. ಮೊದಲು ನನಗೆ ತಿಳಿಯಲಿಲ್ಲ. "ಅದರ ಬಾಜೂಕ ಬೂದಿ ಬಣ್ಣದ್ದಿಟ್ಟೀನಿ. ಎರಡೂ ಬ್ಯಾರೆ ಬ್ಯಾರೆ ಕಾಣಾಕತ್ತಾವ."  ನಾನು ಜೀಪು ನಿಲ್ಲಿಸಿ ಇಳಿದು ಕುಸುಬಿ ಹೊಲದ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತೆ. ಹೊಲವೆಲ್ಲ ಹಳದಿ ಹೂವು ಬಿಟ್ಟಿತ್ತು.

ಮುಂದಿನ ತಿಂಗಳುಗಳಲ್ಲಿ ಗಿಣಿ, ಮೆಂತ್ಯ, ದಾಳಿಂಬೆ ಒಂದೊಂದಾಗಿ ಮರಳಿದವು. ಕುಂಕುಮ ಎಲ್ಲಕ್ಕಿಂತ ತಡ. ಕಾಲು ಮಾತ್ರ ಪೂರ್ತಿ ಮರಳಲಿಲ್ಲ. ಕ್ಷಯ ಗುಣವಾಯಿತೆಂದು ಬರೆದುಕೊಟ್ಟ ದಿನವೂ ಅವರ ಬೆರಳುಗಳಿಗೆ ನೈಲಾನ್ ಎಳೆಯ ತಾಗುವಿಕೆ ತಿಳಿಯಲಿಲ್ಲ. ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಲು, ಮಲಗುವ ಮೊದಲು ಪಾದ ತಿರುಗಿಸಿ ಗಾಯವಿದೆಯೇ ನೋಡಿಕೊಳ್ಳಲು ಕಲಿಸಿದೆವು. ನಮ್ಮ ಅಧ್ಯಯನದಲ್ಲಿಯೂ ಬದಲಾವಣೆಯಾಯಿತು. ಚುಕ್ಕಿಗಳ ಪುಸ್ತಕವನ್ನು ಪ್ರತಿ ಸಲ ಬೇರೆ ಸರದಿಯಲ್ಲಿ ತೋರಿಸತೊಡಗಿದೆವು. ಏನು ತೊಂದರೆಯೆಂದು ಕೇಳುವ ಮೊದಲು, ನಿಮ್ಮ ಕೆಲಸ ಹೇಗೆ ನಡೆದಿದೆ ಎಂದು ಕೇಳತೊಡಗಿದೆವು.

ಆ ಮೇಲಿನ ಬೇಸಿಗೆಯಲ್ಲಿ ಗುರುಗುಂಟಾದಲ್ಲಿ ಒಬ್ಬ ಕುರಿ ಸಾಕುವವನಿಗೆ ಇದೇ ಬಗೆಯ ಕ್ಷಯವೆಂದು ತಿಳಿಯಿತು. ತಪಾಸಣೆಗಳನ್ನೆಲ್ಲ ಮಾಡಿಸಿಕೊಂಡ, ಆದರೆ ಗುಳಿಗೆ ಮುಟ್ಟಲು ಒಪ್ಪಲಿಲ್ಲ. ಈ ಗುಳಿಗೆಗಳು ಕಣ್ಣು ತಿನ್ನುತ್ತವೆಂದು ಯಾರೋ ಹೇಳಿದ್ದರು. ಹೇಳಿದ್ದು ಸುಳ್ಳೂ ಅಲ್ಲವಲ್ಲ. ಕಣ್ಣಿಲ್ಲದೆ ಕುರಿ ಹೇಗೆ ಕಾಯಲಿ ಅನ್ನುತ್ತಿದ್ದ. ಮೇಲ್ವಿಚಾರಕರು ಹೋಗಿ ಬಂದರು, ನಾನೂ ಹೋಗಿ ಬಂದೆ. ಆಗಲಿಲ್ಲ. ಈ ಮಾತು ಅಕ್ಕನ ಅಂಗಡಿಯಲ್ಲಿ ಬಂದಾಗ ಅವರೇ, "ಅಮಾಸಿಗೆ ಅಂಗಡಿ ಬಂದ್ ಇರ್ತೈತಿ. ನಿಮ್ಮ ಜೀಪಿನ್ಯಾಗ ನನಗೂ ಜಾಗ ಐತೇನು?" ಅಂದರು.

ಅವನ ಮನೆಯ ಮುಂದೆ ಬೇವಿನ ಕೆಳಗೆ ಕಂಬಳಿ ಹಾಸಿದ್ದರು. ಸುತ್ತ ಕುರಿಯ ಹಿಕ್ಕೆಯ ವಾಸನೆ. ಅಕ್ಕ ನಾವು ಕೊಟ್ಟ ಮಾಸ್ಕು ಹಾಕಿಕೊಂಡು ಅವನ ಎದುರಿಗೇ ಕೂತರು. ಅವನು ಅವರನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

"ನಿಮ್ಮ ಕಣ್ಣು ಹೋಗಿದ್ವಂತಲ್ಲ?"

"ಬಣ್ಣ ಹೋಗಿತ್ತು. ಬಂತು."

"ಮತ್ತೇನೂ ಆಗಿಲ್ಲಾ?"

"ಆಗೈತಿ. ಕಾಲು ಬಂದಿಲ್ಲ. ಇಗಾ ನೋಡು," ಎಂದು ಅಕ್ಕ ಚಪ್ಪಲಿ ಬಿಚ್ಚಿ ಪಾದವನ್ನು ಮುಂದೆ ಚಾಚಿದರು. "ಚೂಟು."

ಅವನು ಹಿಂಜರಿದ. ಅಕ್ಕ ಮತ್ತೆ ಅಂದಾಗ ಹೆಬ್ಬೆರಳ ತುದಿಯನ್ನು ಉಗುರಿನಿಂದ ಗಟ್ಟಿಯಾಗಿ ಚೂಟಿದ. ಚೂಟುತ್ತ ಅಕ್ಕನ ಮುಖ ನೋಡಿದ. ಹುಬ್ಬೂ ಅಲುಗಲಿಲ್ಲ.  ಇನ್ನು ಇವನು ಗುಳಿಗೆಯ ಹತ್ತಿರವೂ ಸುಳಿಯುವುದಿಲ್ಲ ಅಂದುಕೊಂಡೆ.

"ಇದು ನಾನು ಹೇಳಲಾರದ್ದಕ್ಕ ಹೋತು," ಅಂದರು ಅಕ್ಕ. "ಗುಳಿಗಿ ನಿಲ್ಲಸ್ತಾರಂತ ಹೆದರಿ ಮುಚ್ಚಿಟ್ಟೆ. ಇವರ ಪುಸ್ತಕಾನ ಬಾಯಿಪಾಠ ಮಾಡಿ ಇವರ ಕಣ್ಣಿಗೇ ಮಣ್ಣೆರಚಿದೆ. ನೀ ಹಂಗ ಮಾಡಬ್ಯಾಡ. ಮೊದಲ್ನೇ ದಿನಾನ ಹೇಳು. ಒಂದು ನಿಲ್ಲಿಸಿದ್ರ ಸಾಯಂಗಿಲ್ಲ. ನಾ ಇಲ್ಲಿ ಕುಂತೀನಲ್ಲ."

ಅದು ಪೂರ್ತಿ ನಿಜವೇ, ಕಾಲಿನಲ್ಲಿ ಸಕ್ಕರೆಯ ಪಾಲೆಷ್ಟು ಗುಳಿಗೆಯ ಪಾಲೆಷ್ಟು ಎನ್ನುವುದು ನನಗೆ ಇಂದಿಗೂ ಗೊತ್ತಿಲ್ಲ. ನಾನು ಅವರ ಮಾತು ತಿದ್ದಲಿಲ್ಲ.

ಅವನು ಆ ಹೆಬ್ಬೆರಳನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಆಮೇಲೆ ಹಿಂದಕ್ಕೆ ತಿರುಗಿ ಮನೆಯೊಳಗೆ ಕೂಗಿದ: "ಏ, ಒಂದು ಚರಗಿ ನೀರು ತಗೊಂಡು ಬಾ."

ಮೇಲ್ವಿಚಾರಕರು ಗುಳಿಗೆಗಳನ್ನು ಬಿಚ್ಚಿ ಅವನ ಅಂಗೈಗೆ ಹಾಕಿದರು. ಒಂದೊಂದಾಗಿ ನುಂಗಿದ. ಕೊನೆಯದು ಗಂಟಲಿನಲ್ಲಿ ನಿಂತಿತು. ಮತ್ತೊಂದು ಗುಟುಕು ನೀರು ಕುಡಿದು, ಮುಖ ಕಿವುಚಿ, ಮೀಸೆ ಒರೆಸಿಕೊಂಡ.

"ಥೂ, ಬಾಯೆಲ್ಲಾ ಕಹಿ ಕಹಿ ಆತು ನೋಡ್ರಿ."

ಅಕ್ಕ ಜೋರಾಗಿ ನಕ್ಕರು. ನನ್ನ ಕಡೆ ತಿರುಗಿ ಹೇಳಿದರು: "ಬರ್ಕೊಳ್ರಿ ಮೇಡಂ, ಬರ್ಕೊಳ್ರಿ. ಮೊದಲ್ನೇ ತ್ರಾಸು ಹೇಳ್ಯಾನ."

ನಾನು ಪೆನ್ನು ತೆಗೆದು ಬರೆದುಕೊಂಡೆ.